ಹೆಸರಿರುವ ಗಿಡಕ್ಕೇ ಸವಾಲು: ಕಳ್ಳಿ ಸಂಗ್ರಹ ಹರಾಜಿಗೆ ಬರುವ ಬಗೆ

ಕಳ್ಳಿ ಸಂಗ್ರಹದ ಹರಾಜು ಎಂದರೆ, ಒಬ್ಬರು ಹತ್ತಾರು ವರ್ಷ ಕೂಡಿಸಿದ ನೂರಾರು, ಕೆಲವೊಮ್ಮೆ ಸಾವಿರಾರು ಗಿಡಗಳಿಗೆ ಪಟ್ಟಿ ಬರೆದು, ಸಂಖ್ಯೆ ಕೊಟ್ಟು, ಎಲ್ಲರ ಎದುರು ಸವಾಲು ಕೂಗಿ ಮಾರುವ ಏರ್ಪಾಡು. ಯುರೋಪು, ಅಮೆರಿಕಗಳ ಕಳ್ಳಿ ಬೆಳೆಗಾರರ ಸಂಘಗಳಲ್ಲಿ ಇದು ಬಹುಕಾಲದ ರೂಢಿ. ಸಂಗ್ರಹ ಮಾಡಿದವರು ತೀರಿಕೊಂಡಾಗ, ವಯಸ್ಸಾಗಿ ಕುಂಡ ಎತ್ತುವ ಶಕ್ತಿ ಉಳಿಯದಾಗ, ಮನೆ ಬಿಟ್ಟು ಮಕ್ಕಳ ಊರಿಗೆ ಹೊರಟಾಗ ಸಂಘದವರೇ ಮುಂದೆ ನಿಂತು ಹರಾಜು ನಡೆಸಿಕೊಡುತ್ತಾರೆ. ನಮ್ಮಲ್ಲಿ ಈ ಪದ್ಧತಿ ಇನ್ನೂ ಬೇರು ಬಿಟ್ಟಿಲ್ಲ. ಆದರೆ ಬೆಂಗಳೂರಿನಲ್ಲಿ ಅದರ ಅಗತ್ಯ ಎಲ್ಲಾದರೂ ಇದ್ದರೆ ಅದು ಜಯನಗರ, ಬನಶಂಕರಿ, ಜೆ.ಪಿ. ನಗರಗಳ ತಾರಸಿಗಳ ಮೇಲೆ.

ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಮುಂದಿನ ದಶಕಗಳಲ್ಲಿ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳು ಒಂದರ ಹಿಂದೊಂದು ಎದ್ದವು. ಮೂವತ್ತು–ನಲವತ್ತು, ನಲವತ್ತು–ಅರವತ್ತರ ಸೈಟು, ಅದರಲ್ಲಿ ಒಂದೋ ಎರಡೋ ಅಂತಸ್ತಿನ ಮನೆ, ಮೇಲೆ ದಿನವಿಡೀ ಬಿಸಿಲು ಬೀಳುವ ತಾರಸಿ. ದಿನ ಬಿಟ್ಟು ದಿನ ಬರುವ ಕಾವೇರಿ ನೀರಿನಲ್ಲಿ ಗುಲಾಬಿ ಸಾಕುವುದು ಕಷ್ಟ. ವಾರಕ್ಕೊಮ್ಮೆ ನೀರು ಕಂಡರೆ ಸಾಕೆನ್ನುವ ಕಳ್ಳಿ ಆ ತಾರಸಿಗೆ ಹೇಳಿ ಮಾಡಿಸಿದ ಗಿಡ. ಊರಿನ ಎತ್ತರವೂ ಅದಕ್ಕೆ ಒಗ್ಗುತ್ತದೆ. ಕಳ್ಳಿ ಹಗಲಿನಲ್ಲಿ ಮೈಮೇಲಿನ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ಆಗಲೇ ಅದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು ಕೂಡಿಟ್ಟುಕೊಳ್ಳುವುದು. ಆ ಕೆಲಸಕ್ಕೆ ತಂಪಾದ ರಾತ್ರಿ ಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರು ಅಂಥ ರಾತ್ರಿಗಳನ್ನು ಧಾರಾಳವಾಗಿ ಕೊಡುತ್ತದೆ. ಕರಾವಳಿಯ ಊರುಗಳು ಕೊಡುವುದಿಲ್ಲ.

ಈಗ ಆ ಮನೆಗಳ ಜಾಗದಲ್ಲಿ ಅಪಾರ್ಟ್‌ಮೆಂಟ್‌ಗಳು ಏಳುತ್ತಿವೆ. ಬಿಲ್ಡರ್ ಜೊತೆ ಕರಾರಾಗುತ್ತದೆ, ಮನೆ ತೆರವು ಮಾಡುವ ತಾರೀಖು ಗೊತ್ತಾಗುತ್ತದೆ. ಬೀರು, ಮಂಚಗಳಿಗೆ ಬಾಡಿಗೆ ಮನೆಯಲ್ಲಿ ಜಾಗ ಸಿಗುತ್ತದೆ. ಮುಳ್ಳಿನ ಕುಂಡಗಳಿಗೆ ಸಿಗುವುದಿಲ್ಲ. ಅಕ್ಕಪಕ್ಕದವರು ನಾಲ್ಕು ಒಯ್ಯುತ್ತಾರೆ, ಯಾವುದೋ ನರ್ಸರಿಯವರು ಸಿಕ್ಕಷ್ಟನ್ನು ಟೆಂಪೋಗೆ ತುಂಬುತ್ತಾರೆ, ಎತ್ತಲಾಗದ ದೊಡ್ಡವು ಕಟ್ಟಡದ ಅವಶೇಷದ ಜೊತೆ ಹೋಗುತ್ತವೆ. ಹೀಗೆ ಚೆದುರಿದ ಗಿಡಗಳಲ್ಲಿ ಕೆಲವು ಬದುಕಿಕೊಂಡರೂ ಅವುಗಳ ಹೆಸರು, ಮೂಲ, ವಯಸ್ಸು ಯಾವುದೂ ಉಳಿಯುವುದಿಲ್ಲ.

ಬೇಲಿಯಿಂದ ತಾರಸಿಗೆ

ಕನ್ನಡನಾಡಿನ ಬೇಲಿಗಳಲ್ಲಿ ಕಳ್ಳಿ ಎನ್ನಿಸಿಕೊಳ್ಳುವ ಬಹುಪಾಲು ಗಿಡಗಳು ಕ್ಯಾಕ್ಟಸ್ ಕುಟುಂಬಕ್ಕೆ ಸೇರಿದವಲ್ಲ. ಚದುರಗಳ್ಳಿ, ಎಲೆಗಳ್ಳಿಗಳು ಯೂಫೋರ್ಬಿಯಾ ಜಾತಿಯವು. ಮುರಿದರೆ ಹಾಲು ಸುರಿಯುತ್ತದೆ. ಕ್ಯಾಕ್ಟಸ್‌ನ ಗುರುತು ಬೇರೆ. ಅದರ ಮುಳ್ಳು ನೇರವಾಗಿ ಕಾಂಡದಿಂದ ಏಳುವುದಿಲ್ಲ, ನವಿರಾದ ಪುಟ್ಟ ಗದ್ದಿಗೆಯೊಂದರಿಂದ ಗುಂಪಾಗಿ ಏಳುತ್ತದೆ. ಸುಮಾರು 1500 ಪ್ರಭೇದಗಳ ಈ ಕುಟುಂಬವೆಲ್ಲ ಅಮೆರಿಕ ಖಂಡಗಳದ್ದು. ರಿಪ್ಸಾಲಿಸ್ ಬ್ಯಾಕ್ಸಿಫೆರಾ ಎಂಬ ಒಂದೇ ಒಂದು ಪ್ರಭೇದ ಮಾತ್ರ ಆಫ್ರಿಕ, ಶ್ರೀಲಂಕಾಗಳ ಕಾಡಿನಲ್ಲೂ ತಾನಾಗಿ ಬೆಳೆಯುತ್ತದೆ.

ನಮ್ಮ ಊರುಗಳ ಪಾಪಾಸುಕಳ್ಳಿ ಮಾತ್ರ ನಿಜವಾದ ಕ್ಯಾಕ್ಟಸ್. ಅದು ಹಡಗಿನಲ್ಲಿ ಬಂದ ಅತಿಥಿ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳು ಬೇಕಾಗಿತ್ತು. ಆ ಹುಳು ಮೇಯುವುದು ಈ ಗಿಡವನ್ನು. ಮದರಾಸಿನ ಸೈದಾಪೇಟೆಯಲ್ಲಿ ಜೇಮ್ಸ್ ಆಂಡರ್ಸನ್ ಎಂಬ ವೈದ್ಯ ಅದಕ್ಕಾಗಿಯೇ ತೋಟ ಮಾಡಿದ್ದ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಬ್ರೆಜಿಲ್‌ನಿಂದ ಹುಳುಗಳನ್ನು ಕಲ್ಕತ್ತಕ್ಕೆ ತಂದ. ತಂದದ್ದು ಒಳ್ಳೆಯ ಬಣ್ಣ ಕೊಡುವ ಹುಳುವಲ್ಲ, ಅದರ ಕಾಡು ಸಂಬಂಧಿ. ಅದು ಬಣ್ಣ ಕೊಡುವ ಬದಲು ಪಾಪಾಸುಕಳ್ಳಿಯ ಪೊದೆಗಳನ್ನೇ ತಿಂದು ಮುಗಿಸಿತು. ಕೀಟದಿಂದ ಕಳೆ ನಿಯಂತ್ರಿಸಿದ ಜಗತ್ತಿನ ಮೊದಲ ಉದಾಹರಣೆಯೆಂದು ವಿಜ್ಞಾನಿಗಳು ಈ ಪ್ರಸಂಗವನ್ನು ನೆನೆಯುತ್ತಾರೆ.

ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಅತಿ ಹೆಚ್ಚು ಪ್ರೀತಿ ಪಡೆದ ಕ್ಯಾಕ್ಟಸ್ಸಿಗೆ ಮುಳ್ಳೇ ಇಲ್ಲ. ಮಳೆಗಾಲದ ರಾತ್ರಿ ಅರಳುವಾಗ ಅರಿಶಿನ ಕುಂಕುಮ ಇಟ್ಟು, ಬೀದಿಯವರನ್ನೆಲ್ಲ ಕರೆದು ತೋರಿಸುವ ಬ್ರಹ್ಮಕಮಲವು ಮೆಕ್ಸಿಕೊ, ಗ್ವಾಟೆಮಾಲ ಕಡೆಯ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವ ಎಪಿಫಿಲಮ್ ಆಕ್ಸಿಪೆಟಲಮ್. ಒಂದು ಎಲೆಯಂಥ ಕಾಂಡ ಮುರಿದುಕೊಟ್ಟರೆ ಸಾಕು, ಮತ್ತೊಂದು ಮನೆಯಲ್ಲಿ ಚಿಗುರುತ್ತದೆ. ಹಣದ ಮಾತಿಲ್ಲದೆ ಮನೆಯಿಂದ ಮನೆಗೆ ದಾಟಿದ ಗಿಡ ಅದು. ಉಳಿದ ಕಳ್ಳಿಗಳೂ ಹೀಗೆಯೇ ಉಚಿತವಾಗಿ ದಾಟಿಕೊಳ್ಳಲಿ ಎಂದು ವಾದಿಸುವವರಿದ್ದಾರೆ. ಬ್ರಹ್ಮಕಮಲಕ್ಕೆ ಸರಿಯಾದ ಆ ಮಾತು ಇಪ್ಪತ್ತು ವರ್ಷಕ್ಕೆ ಮುಷ್ಟಿಯಷ್ಟಾಗುವ ಗಿಡಕ್ಕೆ ಸಲ್ಲುವುದಿಲ್ಲ.

ಇಂಥ ಗಿಡಗಳ ಗೀಳು ಈ ಭಾಗಕ್ಕೆ ಹಿಡಿದದ್ದರಲ್ಲಿ ಲಾಲ್‌ಬಾಗಿನ ಪಾಲು ದೊಡ್ಡದು. 1760ರಲ್ಲಿ ಹೈದರಾಲಿ ಹಾಕಿಸಿದ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಅಲ್ಲಿ ಹೊಣೆ ಹೊತ್ತಿದ್ದ ಜರ್ಮನ್ ತೋಟಗಾರ ಜಿ.ಎಚ್. ಕೃಂಬಿಗಲ್ ಅವರ ಕಾಲದಲ್ಲಿ, 1912ರಲ್ಲಿ, ಮೈಸೂರು ಉದ್ಯಾನಕಲಾ ಸಂಘ ಹುಟ್ಟಿತು. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಫಲಪುಷ್ಪ ಪ್ರದರ್ಶನ ಸಾವಿರಾರು ಮನೆಗಳಿಗೆ ಗಿಡದ ಆಸೆ ಹಚ್ಚಿತು. ಲಾಲ್‌ಬಾಗಿನ ಸೆರಗಿನಲ್ಲೇ ಸಿದ್ದಾಪುರದ ನರ್ಸರಿಗಳು, ತಲೆಮಾರುಗಳಿಂದ ತೋಟಗಾರಿಕೆಯನ್ನೇ ಬದುಕಾಗಿಸಿಕೊಂಡ ತಿಗಳ ಕುಟುಂಬಗಳು. ನರ್ಸರಿಗಳಿಗೆ ಕಾಲಿಂಪಾಂಗ್‌ನಿಂದ ಕಳ್ಳಿಯ ಸರಕು ಬಂತು. ಹವ್ಯಾಸಿಗಳಿಗೆ ವಿದೇಶದಲ್ಲಿದ್ದ ಮಕ್ಕಳು, ಗೆಳೆಯರ ಮೂಲಕ ಬೀಜದ ಪೊಟ್ಟಣ ಬಂತು. ದೊಡ್ಡ ಸಂಗ್ರಹಗಳು ಬೆಳೆದದ್ದು ಈ ಬೀಜದಿಂದ.

ಚೀಟಿಯ ಬೆಲೆ

ಒಂದೇ ಪ್ರಭೇದದ, ಒಂದೇ ವಯಸ್ಸಿನ, ಒಂದೇ ಗಾತ್ರದ ಎರಡು ಗಿಡಗಳು ಹರಾಜಿನ ಮೇಜಿನ ಮೇಲೆ ಅಕ್ಕಪಕ್ಕ ಇವೆಯೆನ್ನಿ. ಒಂದರ ಕುಂಡದಲ್ಲಿ ಬೆರಳುದ್ದದ ಚೀಟಿ ನೆಟ್ಟಿದೆ: ಸಸ್ಯಶಾಸ್ತ್ರೀಯ ಹೆಸರು, ಎರಡು ಅಕ್ಷರ, ಮೂರು ಅಂಕಿ, ಬೀಜ ಬಿತ್ತಿದ ವರ್ಷ. ಇನ್ನೊಂದರಲ್ಲಿ ಏನೂ ಇಲ್ಲ. ಅನುಭವಿ ಸಂಗ್ರಾಹಕರು ಬಂದಿದ್ದರೆ ಸವಾಲು ಏರುವುದು ಮೊದಲನೆಯದಕ್ಕೆ. ಹೊಸಬರಿಗೆ ಇದು ಬೇಗ ಅರ್ಥವಾಗುವುದಿಲ್ಲ. ಅರ್ಥವಾದ ಮೇಲೆ ಕಳ್ಳಿ ಸಂಗ್ರಹ ಎಂಬ ಕೆಲಸದ ತಿರುಳೇ ತೆರೆದುಕೊಳ್ಳುತ್ತದೆ.

ಆ ಅಕ್ಷರ, ಅಂಕಿಗಳು ಕ್ಷೇತ್ರಸಂಖ್ಯೆ. ಗಿಡವನ್ನೋ ಬೀಜವನ್ನೋ ಮೂಲನೆಲೆಯಿಂದ ಮೊದಲು ತಂದವರ ಹೆಸರಿನ ಅಕ್ಷರ ಮೊದಲು, ಅವರ ದಿನಚರಿಯಲ್ಲಿನ ಕ್ರಮಸಂಖ್ಯೆ ಆಮೇಲೆ. ಎಫ್‌ಆರ್ ಎಂದಿದ್ದರೆ ಅದು ಚಿಲಿ, ಪೆರು, ಬೊಲಿವಿಯಾಗಳ ಒಣನೆಲವನ್ನು ವರ್ಷಗಟ್ಟಲೆ ಅಲೆದ ಜರ್ಮನ್ ಅನ್ವೇಷಕ ಫ್ರೀಡ್ರಿಷ್ ರಿಟ್ಟರ್ ಅವರ ಸಂಖ್ಯೆ. ಅವರು ಕಳಿಸಿದ ಬೀಜವನ್ನು ಅವರ ತಂಗಿ ಹಿಲ್ಡೆಗಾರ್ಡ್ ವಿಂಟರ್ ಫ್ರಾಂಕ್‌ಫರ್ಟ್‌ನಲ್ಲಿ ಪಟ್ಟಿ ಅಚ್ಚು ಹಾಕಿಸಿ ಮಾರುತ್ತಿದ್ದರು. ಎಚ್‌ಯು ಎಂದಿದ್ದರೆ ಬ್ರೆಜಿಲ್‌ನ ಬಂಡೆಗಾಡುಗಳಲ್ಲಿ ತಿರುಗಿದ ಲಿಯೊಪೋಲ್ಡೊ ಹೋರ್ಸ್ಟ್ ಮತ್ತು ವೆರ್ನರ್ ಊಬಲ್‌ಮನ್ ಜೋಡಿಯದು. ಸಂಖ್ಯೆ ಹಿಡಿದು ಹುಡುಕಿದರೆ ಆ ಗಿಡದ ಪೂರ್ವಜ ಬೆಳೆದಿದ್ದ ಬೆಟ್ಟ, ಅದರ ಎತ್ತರ, ಸಂಗ್ರಹಿಸಿದ ವರ್ಷ ಎಲ್ಲ ಸಿಗುತ್ತದೆ. ಕಳ್ಳಿಗಳಲ್ಲಿ ಒಂದು ಕಣಿವೆಯ ಗಿಡಕ್ಕೂ ಪಕ್ಕದ ಕಣಿವೆಯ ಗಿಡಕ್ಕೂ ಮುಳ್ಳಿನ ಬಣ್ಣ, ಹೂವಿನ ಆಕಾರ ಬದಲಾಗುವುದುಂಟು. ಚೀಟಿ ಕಳೆದುಹೋದರೆ ಬಲ್ಲವರು ಗಿಡ ನೋಡಿ ಪ್ರಭೇದದ ಹೆಸರು ಹೇಳಿಯಾರು; ಯಾವ ಕಣಿವೆಯದೆಂದು ಯಾರೂ ಹೇಳಲಾರರು.

ಇದರಲ್ಲಿ ಬೆಳೆಗಾರಿಕೆಯ ಲೆಕ್ಕವೂ ಇದೆ. ಬಹಳಷ್ಟು ಕಳ್ಳಿಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಶುದ್ಧ ಬೀಜ ಬೇಕಾದರೆ ಒಂದೇ ಮೂಲದ ಎರಡು ಬೇರೆ ಗಿಡಗಳು ಒಟ್ಟಿಗೆ ಹೂ ಬಿಡಬೇಕು. ಒಂದು ಸಂಖ್ಯೆಯ ಒಂಟಿ ಗಿಡವನ್ನು ಹದಿನೈದು ವರ್ಷ ಸಾಕಿದವರು ಅದರ ಜೋಡಿಗಾಗಿಯೇ ಹರಾಜಿಗೆ ಬರುತ್ತಾರೆ. ಅಂಥ ಇಬ್ಬರು ಎದುರಾದರೆ ಕನಿಷ್ಠ ಬೆಲೆ ಎಷ್ಟಿತ್ತೆಂಬುದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಕಳ್ಳಿಗೆ ಹುಚ್ಚು ಬೆಲೆ ಬಂದದ್ದು ಈಗಿನ ಮಾತಲ್ಲ. 1840ರ ಸುಮಾರಿಗೆ ಬ್ಯಾರನ್ ಕಾರ್ವಿನ್ಸ್ಕಿ ಮೆಕ್ಸಿಕೊದಿಂದ ಯುರೋಪಿಗೆ ತಂದ ಮೂರು ಪುಟ್ಟ ಗಿಡಗಳಲ್ಲಿ ಒಂದನ್ನು ರಷ್ಯಾದ ಪ್ರಿನ್ಸ್ ಕೊಚುಬೆ 1000 ಫ್ರಾಂಕ್ ಕೊಟ್ಟು ಕೊಂಡ. ಮಣ್ಣಿನ ಮಟ್ಟಕ್ಕೆ ಅಂಟಿಕೊಂಡು ಬೆಳೆಯುವ, ಅಂಗೈ ತುಂಬದಷ್ಟು ಚಿಕ್ಕ ಗಿಡ. ಇಂದಿಗೂ ಅದು ಆರಿಯೊಕಾರ್ಪಸ್ ಕೊಚುಬೆಯಾನಸ್ ಎಂದು ಕೊಂಡವನ ಹೆಸರನ್ನೇ ಹೊತ್ತಿದೆ.

ಇದಕ್ಕಿಂತ ಹೆಚ್ಚು ನೆನಪಿಡಬೇಕಾದ ಹೆಸರು ಹೆರ್ಮನ್ ಗ್ರೂಸನ್. ಜರ್ಮನಿಯ ಮಾಗ್ಡೆಬುರ್ಗ್ ಊರಿನ ಈ ಉದ್ಯಮಿ ಎರಕದ ಕಬ್ಬಿಣದ ಯುದ್ಧಕವಚ ತಯಾರಿಸಿ ಶ್ರೀಮಂತನಾದ. ಕಾರ್ಖಾನೆಯ ಪಕ್ಕದಲ್ಲೇ ಗಾಜಿನ ಮನೆಗಳನ್ನು ಕಟ್ಟಿಸಿ ಯುರೋಪಿನ ಅತಿ ದೊಡ್ಡ ಕಳ್ಳಿ ಸಂಗ್ರಹಗಳಲ್ಲಿ ಒಂದನ್ನು ಬೆಳೆಸಿದ. ನಮ್ಮ ಪ್ರತಿ ನರ್ಸರಿಯಲ್ಲೂ ಗೋಲ್ಡನ್ ಬ್ಯಾರೆಲ್ ಎಂದು ಸಿಗುವ, ಹಳದಿ ಮುಳ್ಳಿನ ದುಂಡು ಕಳ್ಳಿಗೆ ಗ್ರೂಸೊನಿಯೈ ಎಂಬ ಹೆಸರು ಬಂದದ್ದು ಅವನಿಂದ. 1895ರಲ್ಲಿ ಅವನು ತೀರಿಕೊಂಡಾಗ ಸಂಗ್ರಹ ಚೂರುಚೂರಾಗಿ ಮಾರಾಟವಾಗಲಿಲ್ಲ. ಮನೆಯವರು ಅದನ್ನು ಇಡಿಯಾಗಿ, ಗಾಜಿನ ಮನೆ ಕಟ್ಟಲು 1 ಲಕ್ಷ ಮಾರ್ಕ್ ಹಣದ ಜೊತೆ ನಗರಕ್ಕೆ ಒಪ್ಪಿಸಿದರು. 1896ರಲ್ಲಿ ಸಾರ್ವಜನಿಕರಿಗೆ ತೆರೆದ ಗ್ರೂಸನ್ ಗಾಜಿನಮನೆಗಳು ಇಂದಿಗೂ ಇವೆ. ಇತ್ತ ಮೆಕ್ಸಿಕೊದಲ್ಲಿ 1990ರ ದಶಕದ ಸಿಮಪಾನ್ ಅಣೆಕಟ್ಟಿನ ನೀರು ಗೋಲ್ಡನ್ ಬ್ಯಾರೆಲ್‌ನ ಮೂಲನೆಲೆಯ ದೊಡ್ಡ ಭಾಗವನ್ನು ಮುಳುಗಿಸಿತು. ಜಗತ್ತಿನ ತೋಟಗಳಲ್ಲಿ ಲೆಕ್ಕವಿಲ್ಲದಷ್ಟಿರುವ ಗಿಡ ತನ್ನ ಕಾಡಿನಲ್ಲಿ ಅಳಿವಿನಂಚಿಗೆ ಬಂದಿದೆ. ಮನೆಯ ತಾರಸಿಯ ಸಂಗ್ರಹವನ್ನು ಬರೀ ಹವ್ಯಾಸವೆಂದು ತಳ್ಳಿಹಾಕುವವರು ಈ ಗಿಡದ ಕತೆಯನ್ನು ತಿಳಿಯಬೇಕು.

ಎಲ್ಲರೂ ಗ್ರೂಸನ್ ಆಗಲಾರರು. ಇಡೀ ಸಂಗ್ರಹವನ್ನು ಹೊರುವ ಸಂಸ್ಥೆ ಸಿಗದಿದ್ದಾಗ ಹರಾಜೇ ಎರಡನೆಯ ಒಳ್ಳೆಯ ದಾರಿ. ಚೀಟಿ ಉಳಿದಿದ್ದರೆ ಮಾತ್ರ. ಚೀಟಿ ಉಳಿಸುವ ವಿದ್ಯೆ ಸರಳ, ಆದರೆ ಅದನ್ನು ಪಾಲಿಸುವವರು ಕಡಿಮೆ. ಬೆಂಗಳೂರಿನ ಬಿಸಿಲಿಗೆ ಮಾರ್ಕರ್ ಶಾಯಿ ಮಾಸಿಹೋಗುತ್ತದೆ. ಮೆತ್ತನೆಯ ಪೆನ್ಸಿಲ್ ಬರಹ ವರ್ಷಾನುಗಟ್ಟಲೆ ನಿಲ್ಲುತ್ತದೆ. ಪ್ಲಾಸ್ಟಿಕ್ ಪಟ್ಟಿ ಬಿಸಿಲಿಗೆ ಒಣಗಿ ಮುಟ್ಟಿದರೆ ಮುರಿಯುತ್ತದೆ. ತೆಳು ಅಲ್ಯೂಮಿನಿಯಂ ಹಾಳೆಯ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಬರೆದದ್ದು ಶಾಯಿ ಹೋದರೂ ಗೀರಾಗಿ ಉಳಿಯುತ್ತದೆ. ಜಾಣ ಬೆಳೆಗಾರರು ಎರಡನೆಯ ಚೀಟಿಯೊಂದನ್ನು ಕುಂಡದ ಮಣ್ಣಿನೊಳಗೆ ಹೂತಿರುತ್ತಾರೆ. ಮೊಮ್ಮಕ್ಕಳು ಮೇಲಿನ ಚೀಟಿ ಕಿತ್ತು ಆಡಿದರೂ ಮಣ್ಣು ಬದಲಿಸುವ ದಿನ ಕೆಳಗಿನದು ಹೊರಬರುತ್ತದೆ. ಇಷ್ಟರ ಮೇಲೆ ಒಂದು ರಿಜಿಸ್ಟರ್ ಪುಸ್ತಕ: ಕುಂಡದ ಸಂಖ್ಯೆ, ಹೆಸರು, ಎಲ್ಲಿಂದ ಬಂತು, ಯಾವ ವರ್ಷ, ಬೀಜವೋ ತುಂಡೋ ಕಸಿಯೋ. ಹರಾಜಿನ ದಿನ ಸಂಗ್ರಹದ ಅತಿ ಬೆಲೆಬಾಳುವ ವಸ್ತು ಈ ಪುಸ್ತಕ.

ಕಾನೂನಿನ ಗೆರೆ

ಚೀಟಿ ಇನ್ನೊಂದು ಕಾರಣಕ್ಕೂ ಬೇಕು. ಗಿಡ ಕಾಡಿನಿಂದ ಕದ್ದದ್ದಲ್ಲ, ತೋಟದಲ್ಲಿ ಬೀಜದಿಂದ ಬೆಳೆದದ್ದು ಎಂಬುದಕ್ಕೆ ಅದು ಆಧಾರ. 2015ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನದ ಪ್ರಕಾರ ಕ್ಯಾಕ್ಟಸ್ ಪ್ರಭೇದಗಳಲ್ಲಿ ಶೇ 31ರಷ್ಟು ಅಳಿವಿನ ಭೀತಿಯಲ್ಲಿವೆ. ಸಂಗ್ರಾಹಕರ ಆಸೆಯೇ ಅದಕ್ಕೆ ಒಂದು ದೊಡ್ಡ ಕಾರಣ. 2020ರಲ್ಲಿ ಇಟಲಿಯ ಪೊಲೀಸರು ಸೆನಿಗಾಲಿಯಾದಲ್ಲಿ ಚಿಲಿಯ ಮರುಭೂಮಿಯಿಂದ ಕಿತ್ತು ತಂದಿದ್ದ ಸಾವಿರಕ್ಕೂ ಹೆಚ್ಚು ಕಳ್ಳಿಗಳನ್ನು ವಶಪಡಿಸಿಕೊಂಡರು. ಮರುವರ್ಷ 844 ಗಿಡಗಳು ಚಿಲಿಗೆ ಮರಳಿದವು.

ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಕುರಿತ ಸೈಟೀಸ್ ಒಪ್ಪಂದ ಕ್ಯಾಕ್ಟಸ್ ಕುಟುಂಬವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಎರಡನೆಯ ಅನುಬಂಧದಲ್ಲಿ ಇಟ್ಟಿದೆ. ಆರಿಯೊಕಾರ್ಪಸ್, ಟರ್ಬಿನಿಕಾರ್ಪಸ್, ಡಿಸ್ಕೊಕ್ಯಾಕ್ಟಸ್, ಊಬಲ್‌ಮನಿಯಾ, ಆಸ್ಟ್ರೊಫೈಟಮ್ ಆಸ್ಟೀರಿಯಾಸ್ ಮುಂತಾದವು ಇನ್ನೂ ಬಿಗಿಯಾದ ಮೊದಲನೆಯದರಲ್ಲಿವೆ. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಈ ಪಟ್ಟಿಗಳನ್ನು ನಾಲ್ಕನೆಯ ಅನುಸೂಚಿಯಾಗಿ ಸೇರಿಸಿಕೊಂಡಿತು. ಮೊದಲ ಅನುಬಂಧದ ಗಿಡಗಳನ್ನು ಕೃತಕವಾಗಿ ಬೆಳೆಸಿ ಹೆಚ್ಚಿಸುವವರು ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ನೋಂದಾಯಿಸಿಕೊಳ್ಳಬೇಕು. ಸಂಗ್ರಹದಲ್ಲಿ ಇಂಥವು ಇದ್ದರೆ ಹರಾಜಿನ ಪ್ರಕಟಣೆಗೆ ಮುಂಚೆ ಮಲ್ಲೇಶ್ವರದ ಅರಣ್ಯ ಭವನಕ್ಕೆ ಹೋಗಿ ವಿಚಾರಿಸುವುದು ಅಗತ್ಯ. ಪೆಯೋಟಿ ಕಳ್ಳಿಯನ್ನಂತೂ ಪಟ್ಟಿಯಿಂದಲೇ ಹೊರಗಿಡಬೇಕು. ಅದರಲ್ಲಿರುವ ಮೆಸ್ಕಲಿನ್ ಮಾದಕ ದ್ರವ್ಯ ಕಾಯ್ದೆಯ ಪಟ್ಟಿಯಲ್ಲಿದೆ.

ಸವಾಲಿನ ನಿಯಮಗಳಿಗೆ 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ ಆಧಾರ. ಪ್ರತಿಯೊಂದು ಲಾಟ್, ಅಂದರೆ ಒಂದು ಸವಾಲಿಗೆ ಇಡುವ ಗಿಡ ಅಥವಾ ಗಿಡಗಳ ಗುಂಪು, ಬೇರೆಯೇ ಒಪ್ಪಂದ. ಸುತ್ತಿಗೆ ಬೀಳುವವರೆಗೆ ಕೂಗಿದವರು ತಮ್ಮ ಸವಾಲನ್ನು ಹಿಂತೆಗೆದುಕೊಳ್ಳಬಹುದು. ಮಾರುವವರು ತಾವೂ ಕೂಗುವುದಾದರೆ ಅದನ್ನು ಮುಂಚಿತವಾಗಿಯೇ ಸಾರಬೇಕು. ಬೆಲೆ ಏರಿಸಲೆಂದು ಸುಳ್ಳು ಸವಾಲು ಕೂಗಿಸಿದ್ದು ಗೊತ್ತಾದರೆ ಕೊಂಡವರು ಮಾರಾಟವನ್ನೇ ರದ್ದು ಮಾಡಬಹುದು. ಈ ನಾಲ್ಕು ಮಾತುಗಳನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಬಾಗಿಲಲ್ಲಿ ತೂಗುಹಾಕಿದರೆ ಅರ್ಧ ಜಗಳ ತಪ್ಪುತ್ತದೆ.

ಧನುರ್ಮಾಸದ ಅನುಕೂಲ

ಬೆಂಗಳೂರಿನಲ್ಲಿ ಇಂಥ ಹರಾಜಿಗೆ ಧನುರ್ಮಾಸಕ್ಕಿಂತ ಒಳ್ಳೆಯ ಕಾಲವಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಮದುವೆಗಳಿಲ್ಲ, ಕಲ್ಯಾಣಮಂಟಪಗಳು ಖಾಲಿ ಇರುತ್ತವೆ. ಆಷಾಢದಲ್ಲೂ ಖಾಲಿಯೇ, ಆದರೆ ಅದು ಮಳೆಯ ಕಾಲ. ಬೇರಿಗೆ ಪೆಟ್ಟು ಬಿದ್ದ ಕಳ್ಳಿ ಆ ತೇವದಲ್ಲಿ ಕೊಳೆಯುತ್ತದೆ. ಚಳಿಗಾಲದಲ್ಲಿ ಗಿಡ ಬೆಳವಣಿಗೆ ನಿಲ್ಲಿಸಿ ಒಣಗಿ ಕೂತಿರುತ್ತದೆ. ಸಾಗಿಸಿದರೂ, ಮಣ್ಣು ಕೊಡವಿ ಬರಿಬೇರಿನಲ್ಲಿ ಕೊಟ್ಟರೂ ತಡೆದುಕೊಳ್ಳುತ್ತದೆ. ಕೊಂಡವರು ಫೆಬ್ರುವರಿಯ ಬಿಸಿಲು ಏರುವಾಗ ನೆಟ್ಟು ನೀರು ಕೊಟ್ಟರೆ ಸಾಕು. ಜನವರಿಯ ಉತ್ತರಾರ್ಧದಲ್ಲಿ ಲಾಲ್‌ಬಾಗಿನ ಪ್ರದರ್ಶನ ಬರುವುದರಿಂದ ಗಿಡಪ್ರಿಯರ ಮನಸ್ಸೂ ಆಗ ಗಿಡಗಳ ಮೇಲೆಯೇ ಇರುತ್ತದೆ.

ಇದಕ್ಕೆ ಸಿದ್ಧತೆ ಮೂರು ತಿಂಗಳು ಮುಂಚೆ, ಹಿಂಗಾರು ಮಳೆ ಇರುವಾಗಲೇ ಶುರುವಾಗಬೇಕು. ಪ್ರತಿ ಕುಂಡವನ್ನೂ ರಿಜಿಸ್ಟರಿನ ಜೊತೆ ತಾಳೆ ನೋಡುವುದು, ಫೋಟೊ ತೆಗೆಯುವುದು, ವ್ಯಾಸ ಅಳೆಯುವುದು ಮೊದಲ ಕೆಲಸ. ಎರಡನೆಯದು ರೋಗಪರೀಕ್ಷೆ. ಹಿಟ್ಟು ತಿಗಣೆ ಮುಳ್ಳಿನ ಸಂದಿಯಲ್ಲಿ ಕಂಡರೆ ಸುಲಭ. ಅದರ ಜಾತಿಯದೇ ಒಂದು ಬೇರಿನಲ್ಲಿ ಅಡಗಿರುತ್ತದೆ, ಕುಂಡ ಕಳಚಿ ನೋಡದೆ ತಿಳಿಯದು. ಒಂದು ರೋಗಿ ಗಿಡ ಐವತ್ತು ಮನೆಗಳ ಸಂಗ್ರಹಕ್ಕೆ ಸೋಂಕು ಹಚ್ಚಬಹುದು. ಅನುಮಾನ ಬಂದ ಗಿಡವನ್ನು ಎಷ್ಟೇ ಅಪರೂಪವಾದರೂ ಹಿಂದಿಡಬೇಕು. ನವೆಂಬರ್ ಹೊತ್ತಿಗೆ ನೀರು ಪೂರ್ತಿ ನಿಲ್ಲಬೇಕು.

ಲಾಟ್ ಮಾಡುವುದು ಬುದ್ಧಿ ಬೇಡುವ ಕೆಲಸ. ಒಬ್ಬರು ಗಂಟೆಗೆ ಅರವತ್ತು ಲಾಟ್ ಕೂಗಿದರೆ ಐದು ಗಂಟೆಯಲ್ಲಿ ಮುನ್ನೂರು. ಸಾವಿರ ಕುಂಡಗಳಿದ್ದರೆ ಎಲ್ಲವನ್ನೂ ಒಂದೊಂದಾಗಿ ಮಾರಲಾಗದು. ದೊಡ್ಡವು, ಅಪರೂಪದವು, ಕ್ಷೇತ್ರಸಂಖ್ಯೆ ಇರುವವು ಒಂದೊಂದೇ. ಸಸಿಗಳು ಹತ್ತು ಹನ್ನೆರಡರ ಟ್ರೇಗಳಲ್ಲಿ. ಒಂದೇ ಸಂಖ್ಯೆಯ ಜೋಡಿ ಗಿಡಗಳನ್ನು ಎಂದಿಗೂ ಅಗಲಿಸಬಾರದು. ನಡುವಿನ ದರ್ಜೆಯ ಗಿಡಗಳನ್ನು ಪಕ್ಕದ ಮೇಜಿನಲ್ಲಿಟ್ಟು, ಆಸಕ್ತರು ಹಾಳೆಯ ಮೇಲೆ ಹೆಸರು, ಬೆಲೆ ಬರೆಯುತ್ತ ಹೋಗುವ ಮೂಕ ಹರಾಜು ಮಾಡಬಹುದು.

ಇಲ್ಲೊಂದು ಸಂಕೋಚದ ಮಾತೂ ಇದೆ. ಮನೆಯ ವಸ್ತು ಹರಾಜಿಗೆ ಬಂತೆಂದರೆ ಸಾಲ, ಬ್ಯಾಂಕಿನ ನೋಟಿಸು ಎಂದು ಅಕ್ಕಪಕ್ಕದವರು ತಿಳಿದಾರೆಂಬ ಭಯ ಮಧ್ಯಮ ವರ್ಗದ ಕುಟುಂಬಗಳಲ್ಲಿ ಗಟ್ಟಿಯಾಗಿದೆ. ತಂದೆ ಪ್ರೀತಿಯಿಂದ ಸಾಕಿದ್ದನ್ನು ಸವಾಲಿಗೆ ಇಡುವುದು ಅಗೌರವವೆಂಬ ಭಾವನೆಯೂ ಇದೆ. ಆದರೆ ದೇವಿಗೆ ಉಡಿಸಿದ ಸೀರೆಯನ್ನು ದೇವಸ್ಥಾನದ ಅಂಗಳದಲ್ಲಿ ಹರಾಜು ಹಾಕುವುದು ನಮ್ಮವರಿಗೆ ಹೊಸದಲ್ಲ. ಅಲ್ಲಿ ಹೆಚ್ಚು ಕೂಗಿ ಕೊಳ್ಳುವುದೇ ಗೌರವ. ಪಟ್ಟಿಯ ಮೊದಲ ಪುಟದಲ್ಲಿ ಸಂಗ್ರಹ ಮಾಡಿದವರ ಪರಿಚಯ ಹಾಕಿ, ಪ್ರತಿ ಚೀಟಿಯಲ್ಲೂ ಅವರ ಸಂಗ್ರಹದ ಗುರುತು ಉಳಿಸಿದರೆ ಗಿಡ ಎಲ್ಲಿಗೆ ಹೋದರೂ ಅವರ ಹೆಸರು ಜೊತೆಗೆ ಹೋಗುತ್ತದೆ.

ಸವಾಲಿನ ದಿನ

ಹರಾಜಿನಲ್ಲಿ ಎರಡು ಬಗೆ. ಹೆಬ್ಬಾಳದ ಹೂವಿನ ಹರಾಜು ಕೇಂದ್ರದಲ್ಲಿ ಬೆಲೆ ಮೇಲಿನಿಂದ ಇಳಿಯುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಸರಕು; ಬೇಗ ಬಾಡುವ ಹೂವಿಗೆ ಆ ವೇಗ ಬೇಕು. ಕಳ್ಳಿಗೆ ಆತುರವಿಲ್ಲ, ಕೆಳಗಿನಿಂದ ಏರುವ ಸವಾಲೇ ಸರಿ. ಹಿಂದಿನ ದಿನವೇ ಗಿಡಗಳನ್ನು ನೋಡಲು ಇಟ್ಟಿರಬೇಕು. ಬಂದವರು ಹೆಸರು ನೋಂದಾಯಿಸಿ, ಠೇವಣಿ ಕಟ್ಟಿ, ಸಂಖ್ಯೆ ಬರೆದ ರಟ್ಟು ಪಡೆಯುತ್ತಾರೆ. ಕೂಗುವವರು ಲ್ಯಾಟಿನ್ ಹೆಸರನ್ನು ತಡವರಿಸದೆ ಓದಬಲ್ಲವರಾಗಿರಬೇಕು, ಒಂದನೇ ಸಲ, ಎರಡನೇ ಸಲ, ಮೂರನೇ ಸಲ ಎಂದು ಗಟ್ಟಿಯಾಗಿ ಹೇಳುವ ದನಿಯೂ ಬೇಕು. ಅತ್ಯುತ್ತಮ ಗಿಡಗಳನ್ನು ಮೊದಲಿಗೇ ಇಟ್ಟರೆ ಸಭೆ ತುಂಬುವ ಮುನ್ನ ಅಗ್ಗಕ್ಕೆ ಹೋಗುತ್ತವೆ. ಕೊನೆಗಿಟ್ಟರೆ ಜನ ಹಣ ಮುಗಿಸಿಕೊಂಡಿರುತ್ತಾರೆ. ಮೊದಲ ಗಂಟೆ ಕಳೆದ ಮೇಲೆ ಅವುಗಳ ಸರದಿ. ನಡುನಡುವೆ ಅಗ್ಗದ ಸಸಿ ಟ್ರೇಗಳು ಬಂದರೆ ವಿದ್ಯಾರ್ಥಿಗಳೂ ಬರಿಗೈಯಲ್ಲಿ ಹೋಗುವುದಿಲ್ಲ.

ಸಾಗಣೆ ಹರಾಜಿನಷ್ಟೇ ಮುಖ್ಯ. ಚಿಕ್ಕವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಥರ್ಮೊಕೋಲ್ ಚೂರಿನ ನಡುವೆ ಇಡಬೇಕು. ದೊಡ್ಡ ಗೋಲ್ಡನ್ ಬ್ಯಾರೆಲ್ ಎತ್ತಲು ಮಡಚಿದ ಗೋಣಿತಾಟು, ಹಗ್ಗ, ಮೂರು ಜನ ಬೇಕು. ಯೂಫೋರ್ಬಿಯಾ ಮುಟ್ಟುವವರು ಕನ್ನಡಕ ಹಾಕಿರಬೇಕು, ಅದರ ಹಾಲು ಕಣ್ಣಿಗೆ ಅಪಾಯ. ಎಲ್ಲರೂ ಮರೆಯುವ ಒಂದು ಸಂಗತಿ ಇದೆ: ಗಿಡದ ದಕ್ಷಿಣದ ಮೈಗೆ ಸೀಮೆಸುಣ್ಣದ ಗುರುತು ಹಾಕಿ ಕೊಡಬೇಕು. ವರ್ಷಗಟ್ಟಲೆ ನೆರಳು ಕಂಡ ಬದಿ ಹೊಸ ಮನೆಯಲ್ಲಿ ಬಿಸಿಲಿಗೆ ತಿರುಗಿದರೆ ಸುಟ್ಟು ಕಲೆ ಬೀಳುತ್ತದೆ. ಆ ಕಲೆ ಗಿಡ ಇರುವವರೆಗೂ ಹೋಗುವುದಿಲ್ಲ.

ಹರಾಜಿಗೆ ಮುಂಚೆ, ಹರಾಜಾದ ಮೇಲೆ

ಸಂಗ್ರಹದ ಅತಿ ಅಪರೂಪದ ಕೆಲವನ್ನು ಸವಾಲಿಗೆ ಇಡದೆ ಸಾರ್ವಜನಿಕ ತೋಟಕ್ಕೆ ಕೊಡುವುದು ಒಳ್ಳೆಯ ಪದ್ಧತಿ. ಹರಿಯಾಣದ ಪಂಚಕುಲದಲ್ಲಿ 1987ರಲ್ಲಿ ಡಾ. ಜೆ.ಎಸ್. ಸರ್ಕಾರಿಯಾ ಅವರ ಶ್ರಮದಿಂದ ಏಳು ಎಕರೆಯಲ್ಲಿ ಕಳ್ಳಿಗಳಿಗೆಂದೇ ಉದ್ಯಾನ ಎದ್ದಿತು. ಒಬ್ಬರ ಗೀಳು ಊರಿನ ಆಸ್ತಿಯಾದದ್ದಕ್ಕೆ ದೇಶದಲ್ಲೇ ಇರುವ ನಿದರ್ಶನ ಅದು. ಜಯನಗರದಿಂದ ಕೂಗಳತೆಯಲ್ಲಿ ಲಾಲ್‌ಬಾಗ್ ಇದೆ. ಅಲ್ಲಿಯ ಕಳ್ಳಿ ತೋಟಕ್ಕೆ ಹೆಸರು, ಮೂಲ ಸಹಿತವಾದ ಗಿಡಗಳನ್ನು ಕೊಡುವ ಸಂಗ್ರಾಹಕರೂ, ಅವನ್ನು ಚೀಟಿ ಸಮೇತ ಕಾಪಾಡುವ ವ್ಯವಸ್ಥೆಯೂ ಒಟ್ಟಿಗೆ ಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಪ್ರಯೋಜನವಿಲ್ಲ.

ಸವಾಲು ಮುಗಿದ ಮೇಲೆ ಯಾವ ಗಿಡ ಯಾರ ಮನೆಗೆ ಹೋಯಿತೆಂಬುದನ್ನು ಕೊಂಡವರ ಒಪ್ಪಿಗೆ ಪಡೆದು ರಿಜಿಸ್ಟರಿನಲ್ಲಿ ಬರೆದಿಡಬೇಕು. ನಾಳೆ ಜೋಡಿಯೊಂದು ಸತ್ತರೆ, ಬೀಜ ಬೇಕಾದರೆ, ಹುಡುಕಲು ಅದೊಂದೇ ದಾರಿ. ಪುಸ್ತಕದ ಒಂದು ನಕಲು ಲಾಲ್‌ಬಾಗಿನ ತೋಟಗಾರಿಕೆ ಗ್ರಂಥಾಲಯದಲ್ಲಿ ಇರುವುದು ಒಳ್ಳೆಯದು.

ಇವೆಲ್ಲ ಸಾಧ್ಯವಾಗುವುದು ಸಂಗ್ರಹ ಮಾಡಿದವರು ಕೂತು ಹೆಸರು ಹೇಳಬಲ್ಲಷ್ಟು ದಿನ ಮಾತ್ರ. ಬನಶಂಕರಿಯಲ್ಲೋ ಜೆ.ಪಿ. ನಗರದಲ್ಲೋ ತಾರಸಿ ತುಂಬ ಕಳ್ಳಿ ಇರುವ ಮನೆಯವರು ಬಿಲ್ಡರ್‌ನ ಕರಾರು ಬರುವವರೆಗೆ ಕಾಯಬೇಡಿ. ಬರುವ ಭಾನುವಾರ ಒಂದು ಉದ್ದ ನೋಟ್‌ಬುಕ್, ಪೆನ್ಸಿಲ್ ಹಿಡಿದು ಹಿರಿಯರನ್ನು ಮೇಲೆ ಕರೆದುಕೊಂಡು ಹೋಗಿ, ಮೊದಲ ಕುಂಡದಿಂದ ಕೇಳಿ ಬರೆಯಲು ಶುರು ಮಾಡಿ.